ಜಪಾನಿನ ಮಾಯದ ಅಂಗಡಿ ಕಥೆ ಅರ್ಧಕ್ಕೇ ಸಾಕಾಯ್ತು ಅಂದವರಿಗೆ

ಕಾಫಿ ಅಂಗಡಿಯಲ್ಲಿ ಕೂತು ಹಿಂದಿನ ಕಾಲಕ್ಕೆ ಹೋಗಿಬರುವವರ ಕಥೆ 'ಬಿಫೋರ್ ದ ಕಾಫಿ ಗೆಟ್ಸ್ ಕೋಲ್ಡ್' ಎರಡು ಅಧ್ಯಾಯ ಓದಿ ಬಿಟ್ಟೆ, ಯಾರೋ ಬರುತ್ತಾರೆ, ಅಳುತ್ತಾರೆ, ಹೋಗುತ್ತಾರೆ, ಅಷ್ಟೇ ಅಂತ ಬರೆದಿದ್ದೀರಿ. ಇದೇ ತರಹದ್ದರಲ್ಲಿ ಬೇರೆ ಒಳ್ಳೆಯದು ಇದೆಯಾ, ಹತ್ತು ವರ್ಷದ ಮಗಳಿಗೂ ಏನಾದರೂ ಸಿಗುತ್ತದಾ ಅಂತಲೂ ಕೇಳಿದ್ದೀರಿ. ಎರಡಕ್ಕೂ ಉತ್ತರ ಇದೆ. ಅದಕ್ಕೂ ಮೊದಲು ಆ ಕಾಫಿ ಪುಸ್ತಕದ ಪರವಾಗಿ ಸ್ವಲ್ಪ ವಾದ ಮಾಡುತ್ತೇನೆ.

ತೊಶಿಕಜು ಕವಾಗುಚಿ ಅದನ್ನು ಮೊದಲು ನಾಟಕವಾಗಿ ಬರೆದಿದ್ದರು. ಕಾದಂಬರಿಯಾಗಿದ್ದು 2015ರಲ್ಲಿ, ಇಂಗ್ಲಿಷಿಗೆ ಬಂದಿದ್ದು 2019ರಲ್ಲಿ. ಕಿಟಕಿಯಿಲ್ಲದ ನೆಲಮಾಳಿಗೆ, ಗೋಡೆಯಲ್ಲಿ ಮೂರು ಗಡಿಯಾರ, ಬಾಗಿಲ ಗಂಟೆ ಬಾರಿಸಿದಾಗಲೆಲ್ಲ ಒಬ್ಬರು ಒಳಗೆ ಬರುವುದು, ಅವರ ಬಟ್ಟೆಬರೆಯ ವರ್ಣನೆ. ಎಲ್ಲವೂ ರಂಗದ ಮೇಲಿನ ಲೆಕ್ಕ. ಹಾಗೆ ನೋಡಿದರೆ ಕಿರಿಕಿರಿ ಕಡಿಮೆಯಾಗುತ್ತದೆ.

ಇನ್ನು ಷರತ್ತು. ಆ ಅಂಗಡಿಯ ಒಂದು ಕುರ್ಚಿಯಲ್ಲಿ ಕೂತು ಹಿಂದಿನ ಕಾಲಕ್ಕೆ ಹೋಗಬಹುದು, ಆದರೆ ಏನು ಮಾಡಿದರೂ ಈಗಿನದು ಬದಲಾಗುವುದಿಲ್ಲ. 'ಮತ್ತೆ ಹೋಗಿ ಏನು ಪ್ರಯೋಜನ' ಅಂತ ತುಂಬಾ ಜನ ಇಲ್ಲೇ ಪುಸ್ತಕ ಮುಚ್ಚುತ್ತಾರೆ. ಇಡೀ ಕಥೆ ನಿಂತಿರುವುದೇ ಅದರ ಮೇಲೆ, ಅಲ್ವಾ? ನೀವು ಓದಿದ ಎರಡನೆಯ ಅಧ್ಯಾಯದ ನರ್ಸ್ ಹೋಗುವುದು ಗಂಡ ಬರೆದಿಟ್ಟ ಒಂದು ಕಾಗದಕ್ಕಾಗಿ. ಅವನ ಮರೆವಿನ ಕಾಯಿಲೆ ವಾಸಿಯಾಗುವುದಿಲ್ಲ. ವಾಪಸ್ ಬಂದ ಮೇಲೆ ಅವಳು ಅವನ ಜೊತೆ ಇರುವ ರೀತಿ ಬದಲಾಗುತ್ತದೆ. ನನ್ನ ಮಟ್ಟಿಗೆ ಇಂಥ ಪುಸ್ತಕಗಳನ್ನು ಅಳೆಯುವುದು ಹೀಗೆಯೇ: ಅಂಗಡಿ ಬದಲಿಗೆ ಏನು ಕೇಳುತ್ತದೆ, ಏನನ್ನು ಕೊಡಲು ಒಪ್ಪುವುದಿಲ್ಲ? ಕೇಳಿದ್ದನ್ನೆಲ್ಲ ಪುಕ್ಕಟೆ ಕೊಡುವ ಅಂಗಡಿಯಾದರೆ ಸುಮ್ನೆ ವಾಪಸ್ ಇಟ್ಟುಬಿಡಿ.

ನಿಮಗೆ ನಾನು ಹೇಳುವುದು ಕೀಗೊ ಹಿಗಾಶಿನೊ ಅವರ 'ನಾಮಿಯಾ ಜನರಲ್ ಸ್ಟೋರ್' ಪುಸ್ತಕ, 2012ರದ್ದು. ಕರೀನಾ ಕಪೂರ್ ಅವರ 'ಜಾನೆ ಜಾನ್' ನೋಡಿದ್ದೀರಲ್ಲ, ಆ ಸಿನಿಮಾದ ಮೂಲ ಕಾದಂಬರಿ ಇವರದೇ. ಪತ್ತೇದಾರಿ ಬರೆಯುವ ಕೈ, ಹಾಗಾಗಿ ಇಲ್ಲಿ ಕಥೆಗಳು ಬಿಡಿಬಿಡಿಯಾಗಿ ಉಳಿಯುವುದಿಲ್ಲ. ಮೊದಲ ಅಧ್ಯಾಯದಲ್ಲಿ ಸಿಕ್ಕ ಹೆಸರು ಕೊನೆಯಲ್ಲಿ ಬೇರೆ ಬಾಗಿಲಿಂದ ಬರುತ್ತದೆ. ಕಳ್ಳತನ ಮಾಡಿದ ಮೂವರು ಹುಡುಗರು ಒಂದು ರಾತ್ರಿ ಪಾಳು ಅಂಗಡಿಯಲ್ಲಿ ಅಡಗುತ್ತಾರೆ. ಷಟರ್‌ನ ಸಂದಿಯಿಂದ ಸಲಹೆ ಕೇಳಿ ಒಂದು ಪತ್ರ ಬೀಳುತ್ತದೆ. ಹೊರಗೆ ಯಾರೂ ಇಲ್ಲ. ಉತ್ತರ ಬರೆದು, ಹಾಲಿನವನು ಹಾಲು ಇಟ್ಟುಹೋಗುವ ಡಬ್ಬಿಯಲ್ಲಿಟ್ಟರೆ ಅದು ಮಾಯ.

ಪತ್ರ ಬರೆದವಳು ಒಲಿಂಪಿಕ್ಸ್‌ಗೆ ತಯಾರಾಗುತ್ತಿರುವ ಹುಡುಗಿ, ಅವಳ ಪ್ರಿಯಕರನಿಗೆ ಗುಣವಾಗದ ಕಾಯಿಲೆ. ಅವಳಿರುವುದು 1979ರಲ್ಲಿ ಅಂತ ಹುಡುಗರಿಗೆ ನಿಧಾನವಾಗಿ ಹೊಳೆಯುತ್ತದೆ. 1980ರ ಮಾಸ್ಕೋ ಕೂಟಕ್ಕೆ ಜಪಾನ್ ಹೋಗಲೇ ಇಲ್ಲ. ಸೋವಿಯತ್ ಸೈನ್ಯ ಅಫ್ಘಾನಿಸ್ತಾನಕ್ಕೆ ನುಗ್ಗಿದ್ದಕ್ಕೆ ಅಮೆರಿಕದ ಜೊತೆ ಸೇರಿ ಬಹಿಷ್ಕರಿಸಿತ್ತು. (ನಾವು ಹೋಗಿದ್ದೆವು. ಹಾಕಿ ಚಿನ್ನ ಬಂದಿದ್ದು ಅಲ್ಲೇ, ಕೊಡಗಿನ ಎಂ.ಎಂ. ಸೋಮಯ್ಯ ಇದ್ದ ತಂಡ.) ಈ ಹುಡುಗರು ಜ್ಞಾನಿಗಳಲ್ಲ, ಒರಟಾಗಿ 'ಅಭ್ಯಾಸ ಬಿಡು' ಅಂತ ಬರೆದುಬಿಡುತ್ತಾರೆ. ಅವಳು ಅದನ್ನು ಏನು ಮಾಡಿಕೊಂಡಳು ಅನ್ನುವುದನ್ನು ಹೇಳುವುದಿಲ್ಲ, ಓದಿ. ಒಂದೇ ಸೂಚನೆ: ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳುತ್ತಾ ಹೋಗಿ. ಜಪಾನಿ ಹೆಸರು ನಮಗೆ ಬೇಗ ಕಲಸಿಹೋಗುತ್ತವೆ, ಇಲ್ಲಿ ಮರೆತರೆ ನಷ್ಟ.

ಮಗಳಿಗೆ 'ಜೆನಿತೆಂಡೊ'. ರೇಕೊ ಹಿರೋಶಿಮಾ ಮಕ್ಕಳಿಗಾಗಿ 2013ರಲ್ಲಿ ಶುರು ಮಾಡಿದ ಸರಣಿ, 2020ರಿಂದ ಅನಿಮೆ (ಜಪಾನಿ ಕಾರ್ಟೂನ್) ಕೂಡ ಇದೆ. ಬೆನಿಕೊ ಅನ್ನುವ ದೊಡ್ಡ ಆಕಾರದ, ಬಿಳಿಗೂದಲಿನ ಹೆಂಗಸಿನ ಮಿಠಾಯಿ ಅಂಗಡಿ. ಆ ದಿನದ ಅದೃಷ್ಟದ ನಾಣ್ಯ ಯಾರ ಜೇಬಿನಲ್ಲಿದೆಯೋ ಅವರಿಗೆ ಮಾತ್ರ ವ್ಯಾಪಾರ. ಮಿಠಾಯಿ ಆಸೆ ಈಡೇರಿಸುತ್ತದೆ, ಆದರೆ ಪೊಟ್ಟಣದ ಮೇಲಿನ ಸೂಚನೆ ಓದದೆ ತಿಂದರೆ ಕೆಲಸ ಕೆಡುತ್ತದೆ. ದೊಡ್ಡವರ ಪುಸ್ತಕಗಳಿಗಿಂತ ಇದರಲ್ಲಿ ಖಾರ ಜಾಸ್ತಿ. ದುರಾಸೆ ಪಟ್ಟವರಿಗೆ ಕನಿಕರವಿಲ್ಲ. ಮಗು ಬೇಗ ಹೆದರುವಂಥದ್ದಾದರೆ ಮೊದಲ ಕಂತು ಪಕ್ಕದಲ್ಲೇ ಕೂತು ನೋಡಿ.

ಬೆಕ್ಕುಗಳು ಕಾಫಿ ಅಂಗಡಿ ನಡೆಸುವ ಮಾಯ್ ಮೊಚಿಜುಕಿಯವರ 'ಫುಲ್ ಮೂನ್ ಕಾಫಿ ಶಾಪ್' ಎಲ್ಲ ಕಡೆ ಕಾಣುತ್ತಿದೆ. ಮುದ್ದಾಗಿದೆ. ಅರ್ಧ ಪುಸ್ತಕ ಜ್ಯೋತಿಷ್ಯ, ಅದೂ ಪಾಶ್ಚಾತ್ಯ ಪದ್ಧತಿಯದ್ದು. ನಿಮಗೆ ಬೇಡ ಅಂತ ನನ್ನ ಅಂದಾಜು.

ಮಾಯೆ ಇಲ್ಲದೆಯೂ ಇದೇ ಸುಖ ಬೇಕು ಅಂದರೆ ಹಿಸಾಶಿ ಕಶಿವಾಯ್ ಅವರ 'ಕಾಮೊಗಾವಾ ಫುಡ್ ಡಿಟೆಕ್ಟಿವ್ಸ್'. ಕ್ಯೋಟೋದಲ್ಲಿ ಬೋರ್ಡೇ ಇಲ್ಲದ ಒಂದು ಹೋಟೆಲ್. ಹಿಂದೆ ಪೊಲೀಸ್ ಆಗಿದ್ದ ಅಪ್ಪ, ಮಗಳು. ಎಂದೋ ತಿಂದ, ಈಗ ಎಲ್ಲೂ ಸಿಗದ ಅಡುಗೆಯನ್ನು ಗಿರಾಕಿ ವಿವರಿಸಬೇಕು. ಅಪ್ಪ ಊರೂರು ಸುತ್ತಿ ಪತ್ತೆ ಮಾಡಿ ಅದೇ ರುಚಿಯಲ್ಲಿ ಮಾಡಿ ಬಡಿಸುತ್ತಾನೆ. ಪ್ರತಿ ಅಧ್ಯಾಯದ ಅಚ್ಚು ಒಂದೇ, ಹಾಗಾಗಿ ವಾರಕ್ಕೊಂದು ಸಾಕು. ಮುಂದಿನ ಭಾಗಗಳನ್ನು ಈಗಲೇ ಒಟ್ಟಿಗೆ ಆರ್ಡರ್ ಮಾಡಬೇಡಿ.