ಗಾಳ ಇರಲಿ, ಬೋಟಿನಲ್ಲಿ ಐಸು ಇದೆಯಾ ಕೇಳು

ತಮ್ಮಾ,

ಅಲಾಸ್ಕದ ಆಂಕರೇಜಿಗೆ ಬಂದು ಮೂರು ತಿಂಗಳಾಯಿತು, ಚಳಿಗಾಲ ಹೇಗೆ ಕಳೆಯುವುದು, ನಮ್ಮ ಕಡೆಯ ಮೀನು ಸಿಗುತ್ತದಾ, ಜೂನಿನಲ್ಲಿ ಕಡಲತೀರದ ಹೋಮರ್ ಊರಿಗೆ ಹೋಗಿ ಹ್ಯಾಲಿಬಟ್ ಎಂಬ ದೊಡ್ಡ ಚಪ್ಪಟೆ ಮೀನು ಹಿಡಿಯಬೇಕು ಅಂತಿದ್ದೇನೆ, ಏನು ತಯಾರಿ ಬೇಕು ಎಂದು ಕೇಳಿದ್ದೀಯ. ಮೊದಲೆರಡಕ್ಕೆ ಉತ್ತರ ಚಿಕ್ಕದು. ಡಿಸೆಂಬರಿನಲ್ಲಿ ಹಗಲು ಐದೂವರೆ ಗಂಟೆ. ಹಿಮದ ಟೈರು ಹಾಕಿಸು, ವಿಟಮಿನ್ ಡಿ ತಗೊ, ಸಂಜೆ ಒಬ್ಬನೇ ರೂಮಿನಲ್ಲಿ ಕೂರಬೇಡ. ಬಂಗುಡೆ ಏಷ್ಯನ್ ಅಂಗಡಿಯಲ್ಲಿ ಕಲ್ಲಿನಂತೆ ಹೆಪ್ಪುಗಟ್ಟಿದ್ದು ಸಿಗುತ್ತದೆ. ಕರಗಿದಾಗ ಬರುವ ವಾಸನೆಗೆ ಊರು ನೆನಪಾಗುತ್ತದೆ, ರುಚಿಗೆ ಆಗುವುದಿಲ್ಲ.

ಮೂರನೆಯದಕ್ಕೆ ಉದ್ದ ಬರೆಯುತ್ತೇನೆ. ಬಂದವರೆಲ್ಲ ಕೇಳುವುದು ಗಾಳದ ನಂಬರು. ಮೀನು ಬೋಟಿಗೆ ಬಿದ್ದ ಮೇಲಿನ ಅರ್ಧ ಗಂಟೆಯಲ್ಲಿ ಏನು ಮಾಡಬೇಕು ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ, ಮೊದಲ ಬೇಸಿಗೆಯ ಮೀನೆಲ್ಲ ಸುಣ್ಣದ ಗಟ್ಟಿಯಂತಾಗಿ ಕಸಕ್ಕೆ ಹೋಯಿತು.

ಲೈಸೆನ್ಸು ಮೊದಲು. ಸ್ಥಳೀಯರ ಅಗ್ಗದ ಲೈಸೆನ್ಸಿಗೆ ಅಲಾಸ್ಕದಲ್ಲಿ ಸತತ 12 ತಿಂಗಳು ವಾಸ ಆಗಿರಬೇಕು. ನಿನಗಿನ್ನೂ ಮೂರೇ. ಮನೆ ಬಾಡಿಗೆ ಪತ್ರ ಇದೆ, ಡ್ರೈವಿಂಗ್ ಲೈಸೆನ್ಸ್ ಇಲ್ಲಿಯದೇ ಎಂದು ಸುಳ್ಳು ಟಿಕ್ ಹಾಕಬೇಡ, ಅದು ಅಪರಾಧ. ಹೊರಗಿನವರ ಲೈಸೆನ್ಸು ಒಂದು ದಿನದ್ದೂ ಸಿಗುತ್ತದೆ. ಹಿಡಿದ ಮೀನು ಹಂಚಬಹುದು, ಮಾರುವ ಹಾಗಿಲ್ಲ. ಸಂಘದ ಊಟಕ್ಕೆ ಕೊಟ್ಟು ದುಡ್ಡು ತೆಗೆದುಕೊಂಡರೂ ಅದು ಮಾರಿದಂತೆಯೇ. ಹ್ಯಾಲಿಬಟ್ಟಿನ ವಿಷಯದಲ್ಲಿ ಇಲ್ಲಿಯವರು ಬಿಗಿ. 1923ರಿಂದ ಅಮೆರಿಕ, ಕೆನಡಾ ಸೇರಿ ಒಂದು ಆಯೋಗವನ್ನೇ ನಡೆಸುತ್ತಿವೆ. ಜನವರಿ ಪೂರ್ತಿ ಬಂದ್. ದುಡ್ಡು ಕೊಟ್ಟು ಹೋಗುವ ಚಾರ್ಟರ್ ಬೋಟಿನಲ್ಲಿ ಹೋದರೆ ಎಷ್ಟು ಮೀನು, ಎಷ್ಟು ಉದ್ದದ್ದು, ವಾರದ ಯಾವ ದಿನ ಇಲ್ಲ ಎಂಬುದು ವರ್ಷವರ್ಷ ಬದಲಾಗುತ್ತದೆ. ಬುಕ್ ಮಾಡುವಾಗ ಆ ವರ್ಷದ್ದು ಕೇಳು.

ಮೀನು ನಿನಗೆ ಅಪರಿಚಿತ ಅಲ್ಲ. ನಮ್ಮ ನಂಗ್ ಮೀನನ್ನು ನೆನೆಸಿಕೊ. ಅದೇ ಚಪ್ಪಟೆ ಜಾತಿ. ನಂಗಿನ ಎರಡೂ ಕಣ್ಣು ಎಡಕ್ಕೆ, ಇದರದ್ದು ಬಲಕ್ಕೆ. ನಂಗ್ ಒಂದು ಗೇಣು, ಇದು ಬಾಗಿಲಿನಷ್ಟು; 200 ಕಿಲೋ ದಾಟಿದ್ದೂ ಸಿಕ್ಕಿದೆ. ಮೇಲ್ಭಾಗ ಕೆಸರಿನ ಬಣ್ಣ, ಅಡಿ ಬಿಳಿ, ತಳಕ್ಕೆ ಅಂಟಿಕೊಂಡು ಮಲಗಿರುತ್ತದೆ. ಹಾಗಾಗಿ ನಿನ್ನ ಎರೆ ತಳದಲ್ಲಿಲ್ಲದಿದ್ದರೆ ನೀನು ಸುಮ್ಮನೆ ಬೋಟಿನಲ್ಲಿ ತಿರುಗಾಡಲು ಹೋದ ಹಾಗೆ.

ತಳ ಮುಟ್ಟಿಸುವುದೇ ಅಲ್ಲಿ ದೊಡ್ಡ ಕೆಲಸ. ನಮ್ಮ ಕರಾವಳಿಯಲ್ಲಿ ಭರತ ಇಳಿತದ ಅಂತರ ಎರಡು ಮೀಟರಿನೊಳಗೆ; ಹೋಮರಿನಲ್ಲಿ ಆರು ಮೀಟರ್ ದಾಟುವ ದಿನಗಳಿವೆ. ಅಷ್ಟು ನೀರು ಕುಕ್ ಇನ್ಲೆಟ್ ಎಂಬ ಅಲ್ಲಿಯ ಕೊಲ್ಲಿಗೆ ಆರು ಗಂಟೆಯಲ್ಲಿ ನುಗ್ಗಿ, ಮತ್ತೆ ಆರು ಗಂಟೆಯಲ್ಲಿ ಹೊರಗೆ ಹೋಗಬೇಕು. ದಿನ ಹಿಡಿಯುವಾಗ ಪಂಚಾಂಗ ನೋಡು, ತಮಾಷೆಗೆ ಹೇಳುತ್ತಿಲ್ಲ. ಹುಣ್ಣಿಮೆ ಅಮಾವಾಸ್ಯೆ ಬಿಡು, ಆಗ ಸೆಳೆತ ಜೋರು; ಅಷ್ಟಮಿ, ಅದಾಗಿ ಒಂದೆರಡು ದಿನ ಒಳ್ಳೆಯದು. ಆ ದಿನಗಳಲ್ಲೂ ನೀರು ನಿಂತ ಹೊತ್ತಿನ ಆಚೀಚೆಯ ಒಂದು ಗಂಟೆ ಬಂಗಾರ.

ಆಳ ಸಾಮಾನ್ಯವಾಗಿ 30ರಿಂದ 50 ಮಾರು. ರಾಡು ಗಿಡ್ಡ ಇರಲಿ, ಐದೂವರೆ ಆರು ಅಡಿ, ಆದರೆ ಗಟ್ಟಿ. ರೀಲಿಗೆ 80 ಪೌಂಡಿನ ಹೆಣೆದ ದಾರ. ತಂಗೂಸಿ, ಅಂದರೆ ಒಂಟಿ ಎಳೆಯ ನೈಲಾನ್ ದಾರ, ಅಷ್ಟೇ ತೂಕ ತಡೆಯಬೇಕಾದರೆ ದಪ್ಪ ಆಗುತ್ತದೆ, ದಪ್ಪ ದಾರವನ್ನು ನೀರು ಎಳೆದುಕೊಂಡು ಹೋಗುತ್ತದೆ. ದಾರಕ್ಕೆ ಸೀಸ ಸಿಕ್ಕಿಸುವ ಜಾರುಕೊಳವೆ ಹಾಕು, ಅದರ ಕೆಳಗೆ ಒಂದು ಮಣಿ, ಆಮೇಲೆ ಸ್ವಿವೆಲ್, ಅಂದರೆ ದಾರ ಹುರಿಗೊಳ್ಳದಂತೆ ತಿರುಗುವ ಕೊಂಡಿ. ಸ್ವಿವೆಲ್ಲಿನ ಕೆಳಗೆ ಮಾತ್ರ ತಂಗೂಸಿ: 200ರಿಂದ 300 ಪೌಂಡಿನದು, ಎರಡು ಮೂರು ಅಡಿ, ತುದಿಗೆ 16/0 ನಂಬರಿನ ಸರ್ಕಲ್ ಗಾಳ, ಮೊನೆ ಒಳಕ್ಕೆ ಬಾಗಿದ್ದು. ಮಣಿ ಮರೆತರೆ ಕೊಳವೆ ಗಂಟಿಗೆ ಬಡಿದು ಬಡಿದು ದಾರ ತಿನ್ನುತ್ತದೆ. ನೀರು ನಿಂತಾಗ ಅರ್ಧ ಕಿಲೋ ಸೀಸ ಸಾಕು, ಓಡುವಾಗ ಒಂದರಿಂದ ಒಂದೂವರೆ ಕಿಲೋ. ದಾರ ನೇರ ಇಳಿಯದೆ ಅರ್ಧಕ್ಕರ್ಧ ಓರೆಯಾದರೆ ಸೀಸ ಕಮ್ಮಿಯಾಯಿತೆಂದೇ ಲೆಕ್ಕ. ಹೆಚ್ಚು ದಾರ ಬಿಟ್ಟು ಸರಿ ಮಾಡಲು ಹೋದರೆ ಪಕ್ಕದವನ ದಾರಕ್ಕೆ ಸುತ್ತಿಕೊಳ್ಳುತ್ತದೆ.

ಎರೆ ಹೆರಿಂಗ್, ನಮ್ಮ ಬೂತಾಯಿಯ ಬಳಗದ್ದೇ. ಅದು ಮೆತ್ತಗೆ, ಕಾಡ್ ಮೀನುಗಳು ಕುಟುಕಿ ಖಾಲಿ ಮಾಡುತ್ತವೆ. ಜೊತೆಗೆ ಸಾಲ್ಮನ್ ಹೊಟ್ಟೆಯ ಪಟ್ಟಿಯನ್ನೋ ಆಕ್ಟೋಪಸ್ ತುಂಡನ್ನೋ ಸಿಕ್ಕಿಸಿದರೆ ಗಾಳ ಬರಿದಾಗುವುದಿಲ್ಲ. ಗಾಳದ ಮೊನೆ ಹೊರಗೇ ಕಾಣಬೇಕು. ಸೀಸ ತಳ ಮುಟ್ಟಿದ್ದು ಕೈಗೆ ಗೊತ್ತಾದ ಮೇಲೆ ಒಂದು ಮೊಳ ಎತ್ತಿ ಸುಮ್ಮನಿರು. ಲಂಗರು ಹಾಕಿದ ಬೋಟಿನಲ್ಲಿ ಮೀನು ವಾಸನೆ ಹಿಡಿದು ಬರುತ್ತದೆ. ಹತ್ತು ನಿಮಿಷಕ್ಕೊಮ್ಮೆ ಎತ್ತಿ ನೋಡುವವನಿಗೆ ಏನೂ ಸಿಗುವುದಿಲ್ಲ.

ಕಚ್ಚಿದಾಗ ಜಗ್ಗಬೇಡ. ಊರಿನ ಜೆ ಗಾಳದ ಅಭ್ಯಾಸ ಇದ್ದವರು ಮಾಡುವ ತಪ್ಪು ಇದೇ. ಸರ್ಕಲ್ ಗಾಳ ತಾನಾಗಿ ತಿರುಗಿ ಬಾಯಿಯ ಮೂಲೆಗೆ ಸಿಕ್ಕಬೇಕು, ಜಗ್ಗಿದರೆ ಜಾರಿ ಹೊರಗೆ ಬರುತ್ತದೆ. ರಾಡು ಬಗ್ಗಿ ಹಾಗೇ ನಿಲ್ಲುವ ತನಕ ಕಾದು, ರೀಲು ನಿಧಾನ ಸುತ್ತು. ಮೀನು ಅರ್ಧ ದಾರಿ ಎಮ್ಮೆಯ ಹಾಗೆ ಸುಮ್ಮನೆ ಬರುತ್ತದೆ, ಬೆಳಕು ಕಂಡೊಡನೆ ಮತ್ತೆ ತಳಕ್ಕೆ ಹಾರುತ್ತದೆ. ಆ ಹೊತ್ತಿಗೆ ಡ್ರ್ಯಾಗ್, ಅಂದರೆ ರೀಲಿನ ಬ್ರೇಕು, ಬಿಗಿ ಮಾಡಿಟ್ಟವನ ದಾರ ಹೋಗುತ್ತದೆ, ದಾರ ಕೈಗೆ ಸುತ್ತಿಕೊಂಡವನ ಬೆರಳು ಹೋಗುತ್ತದೆ. ಮೇಲೆ ಬಂದ ಮೀನಿನ ತಲೆಯನ್ನು ನೀರಿನಿಂದ ಹೊರಗೆ ಎತ್ತಬೇಡ, ಎತ್ತಿದ ಕ್ಷಣ ಹುಚ್ಚು ಹಿಡಿದಂತೆ ಬಡಿಯುತ್ತದೆ. ಗ್ಯಾಫ್ ಕೊಕ್ಕೆ ತಲೆಗೇ ಬೀಳಬೇಕು. ಮೈಗೆ ಹಾಕಿದರೆ ಅಷ್ಟು ಮಾಂಸ ರಕ್ತ ಕಟ್ಟಿ ಹಾಳು.

ತೀರಾ ದೊಡ್ಡದು ಬಂದರೆ ಬಿಟ್ಟುಬಿಡು. 50 ಕಿಲೋ ಮೇಲಿನದು ಹೆಚ್ಚುಕಡಿಮೆ ಎಲ್ಲವೂ ಮೊಟ್ಟೆಯ ಹೆಣ್ಣುಗಳು, ತಿನ್ನಲೂ ಹತ್ತು ಕಿಲೋದ್ದೇ ರುಚಿ. ಹ್ಯಾಲಿಬಟ್ಟಿಗೆ ಗಾಳಿಚೀಲ ಇಲ್ಲ, ಎಷ್ಟು ಆಳದಿಂದ ಬಂದರೂ ಬಿಟ್ಟಾಗ ಇಳಿದು ಹೋಗುತ್ತದೆ. ಜೊತೆಗೆ ಸಿಗುವ ರಾಕ್‌ಫಿಶ್ ಹಾಗಲ್ಲ, ಹೊಟ್ಟೆ ಉಬ್ಬಿ ಕಣ್ಣು ಹೊರಬರುತ್ತದೆ. ಅದನ್ನು ಸೀಸ ಕಟ್ಟಿ ಆಳಕ್ಕೆ ಇಳಿಸಿಯೇ ಬಿಡಬೇಕು.

ಈಗ ಆ ಅರ್ಧ ಗಂಟೆ. ಊರಿನಲ್ಲಿ ನಾವು ಮೀನು ಕೊಳ್ಳುವ ಹೊತ್ತಿಗೆ ಅದು ಸತ್ತು ಐಸಿನಲ್ಲಿರುತ್ತದೆ, ಶುಚಿ ಮಾಡಿಕೊಡುವ ಹೆಂಗಸರೂ ಅಲ್ಲೇ ಇರುತ್ತಾರೆ. ಹಾಗಾಗಿ ಮೀನು ಹೇಗೆ ಸಾಯಬೇಕು ಎಂಬುದು ನಮ್ಮ ತಲೆಗೆ ಬರುವುದೇ ಇಲ್ಲ. ಹ್ಯಾಲಿಬಟ್ ಬೋಟಿನ ಹಲಗೆಯ ಮೇಲೆ ಒದ್ದಾಡಿದಷ್ಟೂ ಅದರ ಮಾಂಸದಲ್ಲಿ ಲ್ಯಾಕ್ಟಿಕ್ ಆಮ್ಲ ಸೇರುತ್ತದೆ. ಮೈ ಬಿಸಿಯಾಗಿಯೇ ಉಳಿದರೆ ಆ ಆಮ್ಲ ಮಾಂಸವನ್ನು ಹಾಲು ಒಡೆದ ಹಾಗೆ ಒಡೆಯುತ್ತದೆ. ಗಾಜಿನಂತೆ ಹೊಳೆಯಬೇಕಾದ ಹೋಳು ಹಸಿಯಿದ್ದಾಗಲೇ ಬೇಯಿಸಿದಂತೆ ಬೆಳ್ಳಗಾಗುತ್ತದೆ, ನೀರು ಬಿಡುತ್ತದೆ. ಇವರು ಅದನ್ನು ಚಾಕಿ ಎನ್ನುತ್ತಾರೆ, ಸೀಮೆಸುಣ್ಣದ್ದು ಎಂದು. ಮೋಸ ಏನೆಂದರೆ ಆ ದಿನ ಕಾಣುವುದಿಲ್ಲ, ಎರಡು ಮೂರು ದಿನ ಬಿಟ್ಟು ಕಾಣುತ್ತದೆ. ತಿಂದರೆ ತೊಂದರೆ ಇಲ್ಲ, ಆದರೆ ತಿನ್ನಲಾಗುವುದಿಲ್ಲ.

ಅದಕ್ಕೆ, ಬೋಟಿಗೆ ಬಂದ ಕೂಡಲೇ ಕಣ್ಣಿನ ಹಿಂದೆ ತಲೆಗೆ ಮರದ ದೊಣ್ಣೆಯಿಂದ ಬಲವಾಗಿ ಎರಡು ಏಟು. ಎರಡೂ ಕಡೆಯ ಕಿವಿರಿನ ಬಿಲ್ಲು ಕತ್ತರಿಸಿ ತಲೆ ಕೆಳಗಾಗಿ ಹದಿನೈದು ಇಪ್ಪತ್ತು ನಿಮಿಷ ರಕ್ತ ಬಸಿಯಲಿ. ಕರುಳು ಕಿವಿರು ತೆಗೆದು, ಹೊಟ್ಟೆಯೊಳಗೆ ಐಸು ತುಂಬಿ, ಸಮುದ್ರದ ನೀರು ಬೆರೆಸಿದ ಐಸಿನಲ್ಲಿ ಮುಳುಗಿಸು. ಬರೀ ಐಸಿನ ಮೇಲೆ ಇಟ್ಟರೆ ಅಡಿ ಮಾತ್ರ ತಣ್ಣಗಾಗುತ್ತದೆ. ಚಾರ್ಟರಿನಲ್ಲಿ ಇದೆಲ್ಲ ಬೋಟಿನ ಹುಡುಗನ ಕೆಲಸ, ಆದರೆ ಎಲ್ಲ ಬೋಟಿನಲ್ಲೂ ಮಾಡುವುದಿಲ್ಲ. ಕೆಲವರು ದಡ ಮುಟ್ಟುವ ತನಕ ಪೆಟ್ಟಿಗೆಯಲ್ಲಿ ಒಣಗಲು ಬಿಡುತ್ತಾರೆ. ಬುಕ್ ಮಾಡುವ ಮೊದಲು ಫೋನಿನಲ್ಲಿ ಎರಡೇ ಪ್ರಶ್ನೆ: ರಕ್ತ ಬಸಿಯುತ್ತೀರಾ, ಐಸು ಎಷ್ಟು ಇಡುತ್ತೀರಿ. ತಡವರಿಸಿದರೆ ಬೇರೆ ಬೋಟು ನೋಡು. ಆಂಕರೇಜಿಗೆ ವಾಪಸು ಐದು ಗಂಟೆಯ ದಾರಿ, ಕಾರಿನಲ್ಲೂ ಐಸಿನ ಪೆಟ್ಟಿಗೆ ಬೇಕು.

ಮನೆಯಲ್ಲಿ ಹೋಳಿನ ನೀರು ಒರೆಸಿ, ಅರ್ಧ ಅರ್ಧ ಕಿಲೋ ವ್ಯಾಕ್ಯೂಮ್ ಚೀಲಕ್ಕೆ ಹಾಕಿ ಫ್ರೀಜರಿಗೆ. ಕರಗಿಸುವಾಗ ಚೀಲ ಕತ್ತರಿಸಿ ಫ್ರಿಜ್ಜಿನೊಳಗೆ ಕೆಳಗಿನ ಅಂಕಣದಲ್ಲಿ ಇಡು; ಗಾಳಿಯಿಲ್ಲದ ಚೀಲದಲ್ಲೇ ಕರಗಿದರೆ ವಿಷ ಹುಟ್ಟುವ ಭಯ ಇದೆ.

ಅಡುಗೆಯಲ್ಲಿ ಬಂಗುಡೆಯ ಲೆಕ್ಕ ಹಾಕಬೇಡ. ಇದರಲ್ಲಿ ಎಣ್ಣೆ ಇಲ್ಲ, ಸಪ್ಪೆ ಎನ್ನುವಷ್ಟು ಸೌಮ್ಯ ರುಚಿ. ಹುಳಿ ಅರ್ಧಕ್ಕೆ ಇಳಿಸು, ಮೆಣಸೂ ಸ್ವಲ್ಪ ಕಮ್ಮಿ, ಕಾಯಿ ಹೆಚ್ಚು. ಮಸಾಲೆ ಪೂರ್ತಿ ಕುದಿದ ಮೇಲೆ ಒಂದಿಂಚು ದಪ್ಪದ ತುಂಡು ಹಾಕಿ ಐದಾರು ನಿಮಿಷ, ಎಸಳು ಬಿಡಿಸಿಕೊಳ್ಳುವಾಗ ಒಲೆ ಆರಿಸು. ನಿನ್ನೆಯ ಮೀನುಸಾರು ಇವತ್ತು ಕುದಿಸಿ ತಿನ್ನುವ ಸುಖ ಮಾತ್ರ ಇದರಲ್ಲಿಲ್ಲ, ಹತ್ತಿಯಾಗುತ್ತದೆ.

ಕೊನೆಯದಾಗಿ, ಜೆಟ್ಟಿಯಲ್ಲಿ ಹುಡುಗರು ನಾಲ್ಕು ಹೋಳು, ಎರಡು ಕೆನ್ನೆ ತೆಗೆದು ಉಳಿದದ್ದನ್ನು ತೊಟ್ಟಿಗೆ ಎಸೆಯುತ್ತಾರೆ. ನಿನ್ನ ಮೀನಿನ ಮಂಡೆ ಕೇಳಿ ತಗೊ, ನಾಚಿಕೆ ಬೇಡ. ಕಿವಿರು ಪೂರ್ತಿ ಕಿತ್ತು, ಉಪ್ಪು ಹಾಕಿ ಉಜ್ಜಿ ತೊಳೆದು ಎರಡು ಹೋಳು ಮಾಡಿಸಿಕೊ. ನಿನ್ನ ಮನೆಯ ಚಾಕು ಅದಕ್ಕೆ ಸಾಲುವುದಿಲ್ಲ.