ಒಂದನೇ ನಂಬರ್ ಹುಡುಗ ಸ್ಟಾರ್ ಆಗಲೇಬೇಕಾ?

ಪ್ರಶ್ನೆ: ಅಮೆರಿಕದ ಬೇಸ್‌ಬಾಲ್ ನೋಡುವ ಚಟ ಹತ್ತಿದೆ. ಪ್ರತಿ ವರ್ಷ ಟಾಪ್ 100 ಪ್ರಾಸ್ಪೆಕ್ಟ್ (ಮುಂದೆ ಮಿಂಚಬಹುದಾದ ಹೊಸ ಹುಡುಗರ) ಪಟ್ಟಿಗಳು ಬರುತ್ತವೆ. ಅಲ್ಲಿನ ಅತಿ ಮೇಲಿನ ಹಂತವಾದ ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡದ ಹುಡುಗನಿಗೆ ಮೊದಲ ಸ್ಥಾನ ಕೊಡುವುದು ಯಾವ ಲೆಕ್ಕದ ಮೇಲೆ? ಸುಮ್ನೆ ಊಹೆ ಅಲ್ವಾ?

ಉತ್ತರ: ಊಹೆಯೇ, ಆದರೆ ಕಣ್ಣುಮುಚ್ಚಿ ಮಾಡಿದ್ದಲ್ಲ. ಸ್ಕೌಟ್‌ಗಳು, ಅಂದರೆ ಪ್ರತಿಭೆ ಹುಡುಕುವವರು, ಬ್ಯಾಟರ್‌ನಲ್ಲಿ ಐದು ವಿಷಯ ನೋಡುತ್ತಾರೆ. ಬಾಲಿಗೆ ಬ್ಯಾಟ್ ಸರಿಯಾಗಿ ತಾಗಿಸುವುದು, ದೂರ ಹೊಡೆಯುವ ಬಲ, ಓಟ, ಫೀಲ್ಡಿಂಗ್, ಥ್ರೋ. ಒಂದೊಂದಕ್ಕೂ 20ರಿಂದ 80ರವರೆಗೆ ಅಂಕ. 50 ಅಂದರೆ ಮೇಜರ್ ಲೀಗ್‌ನ ಸರಾಸರಿ ಮಟ್ಟ. ಇವತ್ತು ಎಷ್ಟಿದೆ ಅನ್ನುವುದಕ್ಕೆ ಒಂದು ಅಂಕ, ಮುಂದೆ ಎಷ್ಟಾಗಬಹುದು ಅನ್ನುವುದಕ್ಕೆ ಇನ್ನೊಂದು. ಜಗಳ ಎಲ್ಲಾ ಆ ಎರಡನೆಯದರಲ್ಲಿ. ಹತ್ತೊಂಬತ್ತರ ಹುಡುಗನ ಮೈ ಇನ್ನೂ ತುಂಬಿಕೊಳ್ಳುತ್ತಾ ಇರುತ್ತದೆ. ಅದರ ಜೊತೆ ಬಲವೂ ಬರುತ್ತದೆ ಅಂತ ಒಬ್ಬ ಸ್ಕೌಟ್ ಹೇಳಿದರೆ, ಬಲ ಬರುವ ಹೊತ್ತಿಗೆ ಓಟ ಹೋಗುತ್ತದೆ ಅಂತ ಇನ್ನೊಬ್ಬ ಹೇಳುತ್ತಾನೆ, ಇಬ್ಬರ ಮಾತಲ್ಲೂ ತಪ್ಪಿಲ್ಲ.

ನಾನು ನಂಬರ್‌ಗಿಂತ ಮೊದಲು ವಯಸ್ಸು ನೋಡುತ್ತೇನೆ. ಮೈನರ್ ಲೀಗ್‌ನ (ಮೇಜರ್ ಲೀಗ್‌ಗೆ ಹುಡುಗರನ್ನು ತಯಾರು ಮಾಡುವ ಕೆಳಗಿನ ಲೀಗ್‌ಗಳು) ಡಬಲ್-ಎ ಮಟ್ಟದಲ್ಲಿ ಇಪ್ಪತ್ತರ ಹುಡುಗ ಸಾಧಾರಣವಾಗಿ ಆಡಿದರೂ ಅದು ಒಳ್ಳೆ ಸುದ್ದಿ, ಯಾಕೆಂದರೆ ಅವನ ಎದುರು ಬಾಲ್ ಎಸೆಯುವವರು ಹೆಚ್ಚಾಗಿ ಅವನಿಗಿಂತ ದೊಡ್ಡವರು. ಅದೇ ಮಟ್ಟದಲ್ಲಿ ಇಪ್ಪತ್ತೈದರವನು ಚಚ್ಚಿ ಹಾಕಿದರೂ ನಾನು ಅಷ್ಟೇನೂ ಕುಣಿಯುವುದಿಲ್ಲ. ಆಮೇಲೆ ಮೈದಾನ ನೋಡಿ. ಆಲ್ಬುಕರ್ಕಿ, ರೀನೋ ಥರದ ಎತ್ತರದ ಊರುಗಳಲ್ಲಿ ಗಾಳಿ ತೆಳು, ಬಾಲ್ ದೂರ ಹಾರುತ್ತದೆ. ಬೇಲಿ ದಾಟಿಸಿ ಹೊಡೆದ ಅಲ್ಲಿನ ಹೋಮ್ ರನ್‌ಗಳನ್ನು ಸ್ವಲ್ಪ ಕಡಿಮೆ ಮಾಡಿಯೇ ಎಣಿಸಬೇಕು.

ಪ್ರಶ್ನೆ: ನನ್ನ ಗೆಳೆಯನ ಪ್ರಕಾರ ಈ ಪಟ್ಟಿಗಳೆಲ್ಲ ಬೊಗಳೆ. ಮೈಕ್ ಪಿಯಾಝಾ ಡ್ರಾಫ್ಟಲ್ಲಿ (ಕ್ಲಬ್‌ಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವುದು) 62ನೇ ಸುತ್ತಿನವನು, ಆಲ್ಬರ್ಟ್ ಪೂಹೋಲ್ಸ್ 13ನೇ ಸುತ್ತಿನವನು ಅಂತ ಬಾಯಿ ಮುಚ್ಚಿಸುತ್ತಾನೆ. ಏನು ಹೇಳಲಿ?

ಉತ್ತರ: ಡ್ರಾಫ್ಟ್ ಬೇರೆ, ಪ್ರಾಸ್ಪೆಕ್ಟ್ ಪಟ್ಟಿ ಬೇರೆ ಅಂತ ಹೇಳಿ. ಪೂಹೋಲ್ಸ್ 1999ರ ಡ್ರಾಫ್ಟಲ್ಲಿ 402ನೆಯವನು, ನಿಜ. ಆದರೆ ಮೈನರ್ ಲೀಗ್‌ನಲ್ಲಿ ಒಂದೇ ಒಂದು ಸೀಸನ್ ಆಡಿದ ಮೇಲೆ, 2001ರ ಶುರುವಿನಲ್ಲಿ 'ಬೇಸ್‌ಬಾಲ್ ಅಮೆರಿಕಾ' ಪತ್ರಿಕೆ ತನ್ನ ಪ್ರಾಸ್ಪೆಕ್ಟ್ ಪಟ್ಟಿಯಲ್ಲಿ ಅವನನ್ನು 42ನೇ ಸ್ಥಾನಕ್ಕೆ ತಂದಿತ್ತು. ಅಂದರೆ ಪಟ್ಟಿ ಮಾಡುವವರು ಅವನನ್ನು ಗುರುತಿಸಿದ್ದರು. ಆ ವರ್ಷವೇ ಅವನು ರೂಕಿ ಆಫ್ ದಿ ಇಯರ್ (ವರ್ಷದ ಶ್ರೇಷ್ಠ ಹೊಸ ಆಟಗಾರ) ಆದ, ನಿವೃತ್ತಿ ಹೊತ್ತಿಗೆ 703 ಹೋಮ್ ರನ್. ಅವನಿಗಿಂತ ಮೇಲೆ 41 ಜನರನ್ನು ಇಟ್ಟಿದ್ದಕ್ಕೆ ಬೇಕಾದರೆ ನಗಲಿ, ಅದು ನ್ಯಾಯ.

ಪಿಯಾಝಾ ಕಥೆ ಬೇರೆ. 1988ರಲ್ಲಿ ಡಾಜರ್ಸ್ ತಂಡ ಅವನನ್ನು 1,390ನೆಯವನಾಗಿ ತೆಗೆದುಕೊಂಡಿದ್ದು ಮ್ಯಾನೇಜರ್ ಟಾಮಿ ಲಸೋರ್ಡಾ ಅವನ ಅಪ್ಪನ ಸ್ನೇಹಿತ ಅನ್ನುವ ಕಾರಣಕ್ಕೆ. ಅವನು ಶ್ರೇಷ್ಠ ಆಟಗಾರರಿಗೆ ಮಾತ್ರ ಜಾಗ ಕೊಡುವ ಹಾಲ್ ಆಫ್ ಫೇಮ್‌ಗೆ ಹೋದ ಅಂತ ನಮಗೆ ನೆನಪಿದೆ. ಆ ಕೊನೆಯ ಸುತ್ತುಗಳ ಉಳಿದ ಹುಡುಗರ ಹೆಸರು ನಿಮ್ಮ ಗೆಳೆಯನಿಗೆ ಗೊತ್ತಾ, ಕೇಳಿ ನೋಡಿ.

ಪ್ರಶ್ನೆ: ಬಾಲ್ ಎಸೆಯುವ ಪಿಚರ್‌ಗಳ ರ‍್ಯಾಂಕಿಂಗ್ ನಂಬಬಹುದಾ?

ಉತ್ತರ: ಜಾಸ್ತಿ ನಂಬಬೇಡಿ. 2012ರ 'ಬೇಸ್‌ಬಾಲ್ ಅಮೆರಿಕಾ' ಪಟ್ಟಿಯಲ್ಲಿ ಬ್ರೈಸ್ ಹಾರ್ಪರ್ ಮೊದಲು, ಪಿಚರ್ ಮ್ಯಾಟ್ ಮೂರ್ ಎರಡನೆಯವನು, ಮೈಕ್ ಟ್ರೌಟ್ ಮೂರನೆಯವನು. ಮೂರ್ 2013ರಲ್ಲಿ 17 ಪಂದ್ಯ ಗೆದ್ದ, 2014ರಲ್ಲಿ ಮೊಣಕೈಗೆ ಟಾಮಿ ಜಾನ್ ಸರ್ಜರಿ ಆಯಿತು. ಪ್ರತಿಭೆ ಅಳೆದದ್ದು ತಪ್ಪಲ್ಲ, ಮೊಣಕೈಯ ಆಯುಷ್ಯ ಅಳೆಯುವ ಸ್ಕೌಟ್ ಇನ್ನೂ ಹುಟ್ಟಿಲ್ಲ.

ಪ್ರಶ್ನೆ: ಜಾಕ್ಸನ್ ಹಾಲಿಡೇ 2024ರಲ್ಲಿ ಒಂದನೇ ನಂಬರ್ ಆಗಿ ಬಂದು ಹತ್ತೇ ಪಂದ್ಯಕ್ಕೆ ಮೈನರ್ ಲೀಗ್‌ಗೆ ವಾಪಸ್ ಹೋದ. ಅಷ್ಟು ಬೇಗ ಬಣ್ಣ ಬಯಲಾಯಿತಾ?

ಉತ್ತರ: 34 ಸಲದಲ್ಲಿ ಎರಡೇ ಹಿಟ್. ನೋಡೋದಕ್ಕೆ ಕಷ್ಟವೇ ಆಗಿತ್ತು. ಆದರೆ ಆಗ ಅವನಿಗೆ ಇಪ್ಪತ್ತು ವರ್ಷ. ಟ್ರೌಟ್ ಕೂಡ 2011ರಲ್ಲಿ ಮೊದಲ 40 ಪಂದ್ಯಗಳಲ್ಲಿ .220 ಹೊಡೆದಿದ್ದ (ನೂರು ಸಲಕ್ಕೆ 22 ಹಿಟ್ ಲೆಕ್ಕ), ಆಮೇಲೆ ಮೂರು ಸಲ ಎಂವಿಪಿ (ವರ್ಷದ ಶ್ರೇಷ್ಠ ಆಟಗಾರ) ಆದ. ಹಾಗಂತ ಎಡವಿದವರೆಲ್ಲ ಟ್ರೌಟ್ ಆಗುವುದಿಲ್ಲ ಬಿಡಿ. 2006ರ ಒಂದನೇ ನಂಬರ್ ಡೆಲ್ಮನ್ ಯಂಗ್ ಹತ್ತು ವರ್ಷ ಮೇಜರ್ ಲೀಗ್‌ನಲ್ಲಿ ಆಡಿದ, ಕೆಟ್ಟ ಬಾಲ್ ಬಿಡುವ ತಾಳ್ಮೆ ಮಾತ್ರ ಬರಲೇ ಇಲ್ಲ, ಎಲ್ಲರೂ ಕಾದಿದ್ದ ಸ್ಟಾರ್ ಆಗಲಿಲ್ಲ. ಅವನನ್ನು ಸೋತವನು ಅನ್ನಬಹುದಾ? ನಾನಂತೂ ಅನ್ನಲ್ಲ. ಹತ್ತು ವರ್ಷ ಅಲ್ಲಿ ನಿಲ್ಲುವುದೇ ದೊಡ್ಡದು. ಮೊದಲ ಹತ್ತು ಪಂದ್ಯದ ಸರಾಸರಿ ಬಿಡಿ, ಹುಡುಗ ಯಾವ ಬಾಲಿಗೆ ಬ್ಯಾಟ್ ಬೀಸುತ್ತಿದ್ದಾನೆ ಅಂತ ನೋಡಿ.

ಪ್ರಶ್ನೆ: ಕ್ಲಬ್‌ಗಳು ಈ ಪಟ್ಟಿಗಳಿಗೆ ಕಿವಿಗೊಡುತ್ತವಾ?

ಉತ್ತರ: ಆಟಗಾರನ ಬಗ್ಗೆ ಅವರಿಗೆ ಅವರದೇ ಲೆಕ್ಕ ಇರುತ್ತದೆ. ಆದರೆ 2022ರಲ್ಲಿ ಲೀಗ್ ಮತ್ತು ಆಟಗಾರರ ಸಂಘ ಮಾಡಿಕೊಂಡ ಒಪ್ಪಂದದ ನಂತರ ಪಟ್ಟಿಗೂ ಬೆಲೆ ಬಂದಿದೆ. ಬೇಸ್‌ಬಾಲ್ ಅಮೆರಿಕಾ, ಇಎಸ್‌ಪಿಎನ್, ಎಂಎಲ್‌ಬಿ ಪೈಪ್‌ಲೈನ್, ಪಟ್ಟಿ ಮಾಡುವ ಈ ಮೂರರಲ್ಲಿ ಎರಡರ ಟಾಪ್ 100ರಲ್ಲಿರುವ ಹೊಸಬನನ್ನು ಸೀಸನ್ ಶುರುವಿನಿಂದಲೇ ಆಡಿಸಿ, ಅವನು ರೂಕಿ ಆಫ್ ದಿ ಇಯರ್ ಆದರೆ ಕ್ಲಬ್‌ಗೆ ಡ್ರಾಫ್ಟಲ್ಲಿ ಒಂದು ಹೆಚ್ಚಿನ ಆಯ್ಕೆ ಸಿಗುತ್ತದೆ. ಹೂಲಿಯೋ ರೋಡ್ರಿಗೆಜ್‌ನಿಂದ ಸಿಯಾಟಲ್ ಮರಿನರ್ಸ್‌ಗೆ ಹೆಚ್ಚಿನ ಆಯ್ಕೆ ಸಿಕ್ಕಿದ್ದು ಹೀಗೆಯೇ. ಹುಡುಗರನ್ನು ಬೇಕಂತಲೇ ಕೆಳಗೆ ಮೈನರ್ ಲೀಗ್‌ನಲ್ಲಿ ಕೂರಿಸಿಡುವುದನ್ನು ತಪ್ಪಿಸಲು ಮಾಡಿದ ನಿಯಮ ಇದು, ಉದ್ದೇಶ ಒಳ್ಳೆಯದೇ. ನನಗೆ ಕಸಿವಿಸಿ ಇರುವುದು ಒಂದೇ ಕಡೆ. ಪಟ್ಟಿಯ ಹೊರಗಿನ ಹುಡುಗ ಅದೇ ಪ್ರಶಸ್ತಿ ಗೆದ್ದರೂ ಅವನ ಕ್ಲಬ್‌ಗೆ ಆ ಲಾಭ ಇಲ್ಲ, ಹಾಗಾಗಿ ಅವನನ್ನು ಬೇಗ ಮೇಲೆ ಕರೆಸುವ ಆತುರವೂ ಯಾರಿಗೂ ಇರುವುದಿಲ್ಲ.