ಮುಟ್ಟದೆ ಸೊಂಟನೋವು ನೋಡೋಕಾಗುತ್ತಾ ಮೇಡಂ?

ಪ್ರಶ್ನೆ: ನನಗೆ 47 ವರ್ಷ. ತೀರ್ಥಹಳ್ಳಿ ಹತ್ತಿರ ನಮ್ಮದು ಅಡಿಕೆ ತೋಟದ ಮನೆ. ಎರಡು ವರ್ಷದಿಂದ ಸೊಂಟನೋವು. ಫಿಸಿಯೋಥೆರಪಿಗೆ ಶಿವಮೊಗ್ಗಕ್ಕೆ ಹೋಗಿ, ಬಸ್ಸಲ್ಲಿ ಕೂತು ವಾಪಸ್ ಬರುವಷ್ಟರಲ್ಲಿ ನೋವು ಮತ್ತೆ ಜಾಸ್ತಿ. ವಿಡಿಯೋ ಕಾಲ್‌ನಲ್ಲೇ ಮಾಡಿಸಿಕೋ ಅಂತಾಳೆ ಮಗಳು. ಮುಟ್ಟದೆ, ಕರೆಂಟ್ ಕೊಡದೆ ಅದೆಂಥ ಚಿಕಿತ್ಸೆ ಮೇಡಂ?
– ಹೆಸರು ಬೇಡ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮಗಳ ಮಾತು ಕೇಳಿ ಅಮ್ಮ. ಮೊದಲ ಸಲ ಮಾತ್ರ ನೇರವಾಗಿ ಹೋಗಿ ತೋರಿಸಿ, ಕಾಲಿನ ಬಲ, ಜೋಮು ಇವನ್ನೆಲ್ಲ ಕೈಯಲ್ಲಿ ಮುಟ್ಟಿಯೇ ನೋಡಬೇಕು. ಆಮೇಲೆ ಫೋನ್ ಸಾಕು.

ಮೂರು ತಿಂಗಳು ದಾಟಿದ ಸೊಂಟನೋವಿಗೆ ನೀವು ದಿನಾ ಮಾಡುವ ವ್ಯಾಯಾಮವೇ ಮುಖ್ಯ ಮದ್ದು. ಕರೆಂಟ್ ಕೊಟ್ಟಾಗ ಹಿತ ಅನಿಸಬಹುದು, ಆದರೆ ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗಸೂಚಿಯಲ್ಲಿ ಟೆನ್ಸ್ (ಚರ್ಮಕ್ಕೆ ಪಟ್ಟಿ ಅಂಟಿಸಿ ಕೊಡುವ ಸಣ್ಣ ಕರೆಂಟ್), ಟ್ರ್ಯಾಕ್ಷನ್ (ಸೊಂಟವನ್ನು ಎಳೆದು ಹಿಡಿಯುವುದು), ಸೊಂಟದ ಬೆಲ್ಟ್ ಇವನ್ನೆಲ್ಲ ಸುಮ್ನೆ ಎಲ್ಲರಿಗೂ ಕೊಡಬೇಡಿ ಅಂದಿದೆ, ವ್ಯಾಯಾಮ ಮಾಡಿಸಿ ಅಂದಿದೆ. ವ್ಯಾಯಾಮ ಹೇಳಿಕೊಡೋಕೆ, ತಪ್ಪು ತಿದ್ದೋಕೆ ನಾನು ನಿಮ್ಮ ಪಕ್ಕದಲ್ಲೇ ಇರಬೇಕಿಲ್ಲ, ಅಲ್ವಾ?

ಇನ್ನೊಂದು ಲಾಭ ಇದೆ, ನನಗಂತೂ ಅದೇ ದೊಡ್ಡದು. ಕ್ಲಿನಿಕ್ಕಿಗೆ ಬಂದವರು ಟೇಬಲ್ ಮೇಲೆ ಮಲಗುತ್ತಾರೆ, ಹೋಗುತ್ತಾರೆ. ಮನೇಲಿ ಹೇಗೆ ಬಗ್ಗುತ್ತಾರೆ ಅನ್ನೋದು ನಮಗೆ ಕಾಣುವುದೇ ಇಲ್ಲ. ವಿಡಿಯೋದಲ್ಲಾದರೆ ನೀವು ಮೆಟ್ಟುಕತ್ತಿ ಮುಂದೆ ಕೂತು ಅಡಿಕೆ ಸುಲಿಯುವ ರೀತಿ, ಕೊಡ ಎತ್ತುವ ರೀತಿ, ಒಲೆಯ ಎತ್ತರ ಎಲ್ಲ ತೋರಿಸಬಹುದು. ಎಷ್ಟು ಹೊತ್ತಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡಬೇಕು, ಕೂರುವ ಮಣೆ ಎಷ್ಟು ಎತ್ತರ ಮಾಡಬೇಕು ಅಂತ ಅಲ್ಲೇ ಹೇಳಬಹುದು.

ಫೋನನ್ನು ಸ್ಟೂಲ್ ಮೇಲೆ, ನಿಮ್ಮ ಪಕ್ಕಕ್ಕೆ ಬರುವ ಹಾಗೆ ಇಡಿ. ನೆಲಕ್ಕೆ ಚಾಪೆ ಹಾಕಿ, ಕುಸಿಯುವ ಹಾಸಿಗೆ ಬೇಡ. ಚೂಡಿದಾರ ಇದ್ದರೆ ಒಳ್ಳೆಯದು, ಸೀರೆಯಲ್ಲಿ ಸೊಂಟ ಹೇಗೆ ಅಲುಗುತ್ತದೆ ಅಂತ ಗೊತ್ತಾಗುವುದಿಲ್ಲ. ಮೊದಮೊದಲು ಸ್ವಲ್ಪ ನೋವಾದರೆ ಹೆದರಿ ನಿಲ್ಲಿಸಬೇಡಿ, ಮರುದಿನಕ್ಕೂ ಜಾಸ್ತಿಯೇ ಇದ್ದರೆ ಹೇಳಿ, ಕಡಿಮೆ ಮಾಡೋಣ.

ಆದರೆ ಮೂತ್ರ, ಮಲದ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿದರೆ, ತೊಡೆ ಸಂದಿಯಲ್ಲಿ ಸ್ಪರ್ಶ ಗೊತ್ತಾಗದಿದ್ದರೆ, ಕಾಲಿನ ಬಲ ಕುಂದಿದರೆ ವಿಡಿಯೋಗೆ ಕಾಯಬೇಡಿ, ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಿ. ಜ್ವರದ ಜೊತೆ ಸೊಂಟನೋವು ಬಂದರೂ, ತೂಕ ತಾನಾಗೇ ಇಳಿದರೂ ಬೇಗ ಡಾಕ್ಟರಿಗೆ ತೋರಿಸಿ.

ಮಳೆಗಾಲದಲ್ಲಿ ನಿಮ್ಮ ಕಡೆ ನೆಟ್‌ವರ್ಕ್ ಕೈಕೊಡುತ್ತೆ. ಅದಕ್ಕೆ ವ್ಯಾಯಾಮದ ಚಿಕ್ಕ ವಿಡಿಯೋಗಳನ್ನು ಮೊದಲೇ ಕೇಳಿ ಫೋನಿನಲ್ಲಿ ಇಟ್ಟುಕೊಳ್ಳಿ.